ಕಾಂಪೌಂಡರಿಗೆ ಒಯ್ದ ಜೇಡ

ಅವರ ಎಡಗೈ ಹೆಬ್ಬೆರಳಿನ ಉಗುರು ಯಾವಾಗಲೂ ನೀಲಿಯಾಗಿರುತ್ತಿತ್ತು. ಬಾಯಿಹುಣ್ಣಿಗೂ ಗಾಯಕ್ಕೂ ಹಚ್ಚುವ ಆ ಕಡುನೀಲಿ ಔಷಧಿ ಎಷ್ಟು ವರ್ಷದಿಂದ ಅಲ್ಲಿ ಇಂಗಿತ್ತೋ, ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಮಿಕ್ಕ ಒಂಬತ್ತು ಉಗುರುಗಳನ್ನು ಬುಡದವರೆಗೆ ಕತ್ತರಿಸಿಕೊಳ್ಳುತ್ತಿದ್ದವರು ಅದೊಂದನ್ನು ಮಾತ್ರ ಜೋಳದ ಕಾಳಿನಷ್ಟು ಉದ್ದ ಬಿಟ್ಟಿದ್ದರು. ಯಾರಾದರೂ ಬೆಂಕಿಪೊಟ್ಟಣ ತಂದು ಮೇಜಿನ ಮೇಲಿಟ್ಟರೆ ಆ ಉಗುರಿನಿಂದ ಅದನ್ನು ಒಂದು ಕೂದಲೆಳೆಯಷ್ಟು ತೆರೆದು, ಒಂದು ಕಣ್ಣು ಮುಚ್ಚಿ, ಒಳಗೆ ಇಣುಕುತ್ತಿದ್ದರು. ಒಳಗಿರುತ್ತಿದ್ದದ್ದು ಚೇಳು, ಜರಿ, ಕಣಜ, ಇಲ್ಲವೇ ಜೇಡ.

ನ್ಯಾಮತಿಯಿಂದ ಹೊನ್ನಾಳಿ ಕಡೆಗೆ ಹೋಗುವ ದಾರಿಯಲ್ಲಿ, ಬಸ್ಸು ನಿಂತರೆ ನಿಂತಿತು ಇಲ್ಲದಿದ್ದರೆ ಇಲ್ಲ ಎನ್ನುವಂಥ ಊರು ಅದು. ಹೆಸರು ಹೇಳುವುದು ಬೇಡ. ನಾನು ಹೇಳಹೊರಟಿರುವುದು ನನ್ನ ಮಾನದ ವಿಷಯ, ಊರಿನದ್ದಲ್ಲ. ನಾನು ಚನ್ನಗಿರಿ ಕಡೆಯವಳು. ಎಪ್ಪತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಅಲ್ಲಿಗೆ ಬಂದೆ. ಊರಿನಲ್ಲಿ ಒಂದು ಸಣ್ಣ ದವಾಖಾನೆ ಇತ್ತು. ಡಾಕ್ಟರು ಗುರುವಾರ ಒಂದು ದಿನ ಬಂದು ಹೋಗುತ್ತಿದ್ದರು. ಉಳಿದ ಆರು ದಿನ ಕಾಂಪೌಂಡರೇ ಡಾಕ್ಟರು.

ಜಗಳೂರು ಸೀಮೆಯ ಮನುಷ್ಯ. ಒಣಕಲು ಮೈ, ದೊಡ್ಡ ಕಿವಿ, ಎಷ್ಟು ಜನ ಕೂಗಾಡಿದರೂ ಏರದ ದನಿ. ಕೆಂಪು ಔಷಧಿಯ ಬಾಟಲಿಗೆ ಕಾಗದದ ಪಟ್ಟಿಯನ್ನು ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸುವರು; ಒಂದು ಹಲ್ಲು ಒಂದು ಹೊತ್ತಿಗೆ. ಕೊಡುವಾಗ ತಪ್ಪದೆ ಹೇಳುವರು: "ಎರಡು ಹಲ್ಲು ಒಟ್ಟಿಗೆ ಕುಡಿದ್ರೆ ರೋಗ ಬೇಗ ಹೋಗಲ್ಲ ಮಾರಾಯ, ನೀನು ಬೇಗ ಹೋಗ್ತೀಯ."

ಅವರದೊಂದು ಕಟ್ಟಳೆ ಇತ್ತು. ಏನಾದರೂ ಕಚ್ಚಿತೆಂದು ಯಾರು ಬಂದರೂ ಮೊದಲ ಪ್ರಶ್ನೆ, "ಹುಳ ತಂದ್ರಾ?" ಜೀವಂತ ತರಬೇಕು, ಜಜ್ಜಿದ್ದು ಬೇಡ. ಅದನ್ನು ನೋಡಿ ಗುರುತು ಹಿಡಿದು ಆಮೇಲೆ ಔಷಧಿ, ಇಲ್ಲವೇ ಕೂಡಲೇ ಶಿವಮೊಗ್ಗದ ಬಸ್ಸು. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ. ಅವರ ಹುಡುಗಾಟದ ವಯಸ್ಸಿನಲ್ಲಿ ಅವರ ಊರಿನ ಕುರಿ ಕಾಯುವವನೊಬ್ಬ ಹಾವು ಕಚ್ಚಿತೆಂದು ಹೆದರಿ ಪ್ರಾಣ ಬಿಟ್ಟನಂತೆ. ಕಂಬಳಿ ಕೊಡವಿದಾಗ ಉದುರಿದ್ದು ಒಂದು ಜರಿ. "ಜರಿ ಕೊಲ್ಲಲಿಲ್ಲ ತಂಗಿ, ಹೆದರಿಕೆ ಕೊಂದಿತು. ಯಾವ್ದು ಕಚ್ಚೈತೆ ಅಂತ ಗೊತ್ತಾದ್ರೆ ಅರ್ಧ ವಿಷ ಅಲ್ಲೇ ಇಳೀತೈತೆ" ಎಂದಿದ್ದರು.

ಅವರನ್ನು ಏಮಾರಿಸುವುದು ಸುಲಭವಿರಲಿಲ್ಲ. ಒಬ್ಬ ರೈತ ಚೇಳು ಕುಟುಕಿತೆಂದು ಕುಂಟುತ್ತಾ ಬಂದು ಪೊಟ್ಟಣ ಕೊಟ್ಟ. ಅವರು ಇಣುಕಿ ನೋಡಿ ತಣ್ಣಗೆ ಹೇಳಿದರು:

"ಈ ಚೇಳು ಶಿವನ ಪಾದ ಸೇರಿ ಎರಡು ದಿನ ಆಗೈತೆ. ಇವತ್ತು ಬೆಳಗ್ಗೆ ಬಂದು ನಿನ್ನ ಹೆಂಗೆ ಕುಟುಕ್ತು?"

"ಕುಟುಕಿದ್ದು ಓಡಿ ಹೋತ್ರೀ. ನೀವು ಹುಳ ಇಲ್ಲದೆ ಬಂದ್ರೆ ಬೈತೀರಿ ಅಂತ ನಮ್ಮಾಕಿ ಮನೇಲಿದ್ದದ್ದು ಕೊಟ್ಲು."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಕಾಂಪೌಂಡರು ನಗಲಿಲ್ಲ. "ಬೈದ್ರೆ ಕಿವಿ ಹೋಗಲ್ಲ. ತಪ್ಪು ಹುಳ ತಂದ್ರೆ ಕಾಲು ಹೋಗ್ತೈತೆ" ಎಂದರು. ಆ ದಿನ ನಾನೂ ಬೆಂಚಿನ ಮೇಲೆ ಇದ್ದೆ. ನಾನೂ ನಕ್ಕಿದ್ದೆ.

ನನಗೂ ಅವರಿಗೂ ಪರಿಚಯವಾದದ್ದು ಒಂದು ಜೇಡದಿಂದಲೇ. ಮದುವೆಯಾದ ವರ್ಷದ ಶ್ರಾವಣದಲ್ಲಿ ನಮ್ಮ ಹಿತ್ತಿಲ ಬಚ್ಚಲಿಗೂ ನುಗ್ಗೆ ಮರಕ್ಕೂ ನಡುವೆ ನಾನು ಹಿಂದೆಂದೂ ಕಾಣದ ಜೇಡವೊಂದು ಬಲೆ ಕಟ್ಟಿತ್ತು. ಮೈಮೇಲೆ ಹಳದಿ ಪಟ್ಟೆ. ಎಂಟು ಕಾಲನ್ನು ಎರಡೆರಡಾಗಿ ಜೋಡಿಸಿ, ನಾಲ್ಕೇ ಕಾಲಿರುವಂತೆ ಚಾಚಿಕೊಂಡು, ತಲೆ ಕೆಳಗಾಗಿ ಬಲೆಯ ನಟ್ಟನಡುವೆ ಕೂತಿತ್ತು. ಅದರ ಸುತ್ತ ಬಿಳಿಯ ದಪ್ಪ ದಾರದಲ್ಲಿ ಅಂಕುಡೊಂಕಾಗಿ ಏನೋ ಗೀಚಿದ ಹಾಗಿತ್ತು. ನಮ್ಮ ಅತ್ತೆ ಬಾಗಿಲಿಂದಲೇ ಕೂಗಿದರು: "ಏನೇ ನೋಡ್ತೀ ಅದನ್ನ? ಮೈಮೇಲೆ ಉಚ್ಚೆ ಹೊಯ್ದ್ರೆ ಬೊಬ್ಬೆ ಏಳ್ತಾವೆ. ಪೊರಕೆ ತಗೊಂಡು ಎಳೆದುಹಾಕು."

ನಮ್ಮಜ್ಜಿ ನನ್ನನ್ನು ಬೆಳೆಸಿದವಳು. ಹೆಸರು ಕೇಳದೆ ಯಾರನ್ನೂ ಹೊರಗೆ ಹಾಕಬಾರದು ಎನ್ನುತ್ತಿದ್ದಳು. ಅವಳು ಹೇಳಿದ್ದು ಬಾಗಿಲಿಗೆ ಬಂದವರ ಬಗ್ಗೆ. ನಾನು ಆ ಮಾತನ್ನು ಜೇಡಕ್ಕೂ ಅನ್ವಯಿಸಿಕೊಂಡೆ. ಚೊಂಬು ಬೋರಲು ಹಾಕಿ, ಬಾಯಿಗೆ ಹಳೆಯ ಲಗ್ನಪತ್ರಿಕೆ ಸರಿಸಿ, ಸೆರಗಿನ ಮರೆಯಲ್ಲಿ ದವಾಖಾನೆಗೆ ಒಯ್ದೆ.

ಕಾಂಪೌಂಡರು ಪತ್ರಿಕೆಯನ್ನು ಒಂದಿಷ್ಟು ಸರಿಸಿ ನೋಡಿ, ಎದ್ದೇ ನಿಂತುಬಿಟ್ಟರು. "ಓಹೋ, ಶಾನುಭೋಗರು ಬಂದವ್ರೆ. ಜಾಗ ಬಿಡ್ರಪ್ಪ."

"ಶಾನುಭೋಗರಾ?"

"ಇವ್ರು ಮನೆ ಕಟ್ಟಿದ ಮ್ಯಾಲೆ ರುಜು ಹಾಕದೆ ಬಿಡಲ್ಲ ತಂಗಿ. ಬಲೆಯಾಗೆ ಬರೆದಿದ್ದು ನೋಡಿದ್ಯಲ್ಲ? ಯಾರಿಗೂ ಕೆಡುಕು ಮಾಡಿದವ್ರಲ್ಲ. ಆ ವಿಷಯದಾಗೆ ನಿಜವಾದ ಶಾನುಭೋಗರಿಗಿಂತ ವಾಸಿ."

ಹೆಸರುಗಳೆಲ್ಲ ಅವರೇ ಇಟ್ಟವು. ಪುಸ್ತಕ ಇರಲಿಲ್ಲ, ಕೈಲೊಂದು ಬಿರುಕುಬಿಟ್ಟ ಭೂತಗನ್ನಡಿ, ಅಷ್ಟೇ. ಮರಿಗಳನ್ನು ಬೆನ್ನ ಮೇಲೆ ಹೊತ್ತು ಹೊಲದಲ್ಲಿ ಓಡಾಡುವುದು 'ಬಾಣಂತಿ'. ಬಲೆ ಕಟ್ಟದೆ ಗೋಡೆಯ ಮೇಲೆ ಅಂಗೈ ಅಗಲಕ್ಕೆ ಕಾಲು ಚಾಚಿ ಕೂತು ಜಿರಲೆ ಹಿಡಿಯುವ ಕಂದು ಬಣ್ಣದ್ದು 'ಗೋಡೆಗೌಡ'. ಹೊಟ್ಟೆಯ ಕೆಳಗೆ ಮೊಟ್ಟೆಯ ಬಿಳಿ ಬಿಲ್ಲೆ ಹಿಡಿದಿದ್ದರೆ 'ಗೌಡ್ತಿ'. "ಗೋಡೆಗೌಡನ್ನ ನೋಡಿದ್ರೆ ಹೆದರಿಕೆ ಆಗ್ತೈತೆ, ಆದ್ರೆ ಅವ್ನು ಸಾಧು. ಕೈಯಾಗೆ ಅದುಮಿದ್ರೆ ಮಾತ್ರ ಕಚ್ತಾನೆ. ಕಚ್ಚಿದ್ರೂ ಇರುವೆಗಿಂತ ಒಂದಿಷ್ಟು ಜಾಸ್ತಿ" ಎಂದು ಇಡೀ ಊರಿಗೆ ಹೇಳಿಕೊಟ್ಟಿದ್ದರು. ನಮ್ಮ ಊರಲ್ಲಿ ಗೋಡೆಗೌಡನನ್ನು ಯಾರೂ ಹೊಡೆಯುತ್ತಿರಲಿಲ್ಲ.

ನೋಡುವುದನ್ನೂ ಅವರೇ ಕಲಿಸಿದರು. "ಮೊದ್ಲು ಎಲ್ಲಿ ಕೂತೈತೆ ನೋಡು. ಆಮೇಲೆ ಹೆಂಗೆ ಕೂತೈತೆ ನೋಡು. ಬಲೆ ಐತಾ, ಓಡಾಡ್ತೈತಾ ನೋಡು. ಬಣ್ಣ ಕೊನೆಗೆ. ಬಣ್ಣ ಮೋಸ ಮಾಡ್ತೈತೆ." ನಾನು ಬಟ್ಟೆ ಒಗೆಯುವಲ್ಲಿ, ಕಣದಲ್ಲಿ, ಬೇಲಿಯಲ್ಲಿ ಕಂಡದ್ದನ್ನೆಲ್ಲ ಒಯ್ದೆ. ಅವರು ನೋಡಿದ ಮೇಲೆ ವಾಪಸ್ಸು ತಂದು ಅಲ್ಲಲ್ಲೇ ಬಿಟ್ಟೆ. ಅತ್ತೆ ಓಣಿಯವರಿಗೆಲ್ಲ ಹೇಳುತ್ತಿದ್ದರು, "ನಮ್ಮ ಸೊಸೆ ಮನೇಲಿಲ್ಲ ಕಣ್ರೇ, ಜೇಡನ ಬಾಣಂತನಕ್ಕೆ ಹೋಗ್ಯಾಳೆ."

ನನಗೆ ಒಡಹುಟ್ಟಿದವರಿಲ್ಲ. ನಾಗರ ಪಂಚಮಿಗೆ ಬೇರೆ ಸೊಸೆಯರನ್ನು ಅಣ್ಣತಮ್ಮಂದಿರು ಕರೆಯಲು ಬಂದಾಗ ನಾನು ಒಲೆಯ ಮುಂದೆ ಕೂತಿರುತ್ತಿದ್ದೆ. ಎರಡನೆಯ ವರ್ಷ ಕಾಂಪೌಂಡರ ಹೆಂಡತಿ ತಂಬಿಟ್ಟಿನ ಉಂಡೆ ಕಟ್ಟಿಕೊಂಡು ನಮ್ಮ ಮನೆಗೆ ಬಂದರು. "ನಿಮ್ಮಣ್ಣ ಕಳಿಸಿದ್ರು ತಗೊಳಮ್ಮ" ಎಂದು ಮಡಿಲಿಗೆ ಹಾಕಿದರು. ಆಮೇಲೆ ನಾನು ಅವರನ್ನು ಅಣ್ಣಾರೇ ಎಂದೇ ಕರೆದೆ. ಅವರೂ ದವಾಖಾನೆಗೆ ಬಂದವರ ಮುಂದೆ ನನ್ನನ್ನು ತೋರಿಸಿ, "ಹುಳ ತರೋದು ಹೆಂಗೆ ಅಂತ ಈ ತಂಗೀನ ನೋಡಿ ಕಲೀರಿ. ಒಂದು ಕಾಲು ಮುರಿದಿರಲ್ಲ" ಎನ್ನುತ್ತಿದ್ದರು. ಆ ಹೊಗಳಿಕೆಯೇ ನನ್ನನ್ನು ಕೆಡಿಸಿತು ಎಂದು ಈಗ ಅನ್ನಿಸುತ್ತದೆ. ಅಥವಾ ಹೊಗಳಿಕೆಯ ಮೇಲೇಕೆ ಹಾಕಲಿ. ಕೆಟ್ಟವಳು ನಾನೇ.

ಯುಗಾದಿ ಕಳೆದ ಬಿಸಿಲು. ಸೋಮವಾರ ಬೆಳಗ್ಗೆ ಅತ್ತೆ ಒಲೆಗೆಂದು ಹಿತ್ತಿಲ ಸೆಗಣಿಕುಳ್ಳಿನ ರಾಶಿಗೆ ಕೈ ಹಾಕಿದವರು "ಅಯ್ಯಯ್ಯಪ್ಪಾ" ಎಂದು ಕೈ ಕೊಡವಿದರು. ಬಲಗೈ ತೋರುಬೆರಳಿಗೆ ಏನೋ ಕಚ್ಚಿತ್ತು. ನಾನು ಓಡಿ ಹೋದಾಗ ಕಪ್ಪನೆಯದೊಂದು ಜೇಡ ಕುಳ್ಳಿನ ಮೇಲಿಂದ ಇಳಿಯುತ್ತಿತ್ತು. "ಹೊಡಿಯೇ, ಹೊಡಿಯೇ ಅದನ್ನ" ಎಂದು ಅತ್ತೆ ಕಿರುಚಿದರು. ನಾನು ಕೈಗೆ ಸಿಕ್ಕ ಕುಳ್ಳಿನಿಂದಲೇ ಹೊಡೆದೆ. ಒಂದಲ್ಲ, ನಾಲ್ಕಾರು ಏಟು. ಅದು ಮಣ್ಣಿನಲ್ಲಿ ಮಣ್ಣಾಗಿ ಹೋಯಿತು. ನೋವಿಗೆ ಕಣ್ಣು ಮುಚ್ಚಿ ಕೈ ಹಿಡಿದು ಕುಕ್ಕರಿಸಿದ್ದ ಅತ್ತೆ ಅದನ್ನು ನೋಡಲಿಲ್ಲ.

ಅತ್ತೆ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು, "ನಡಿ, ನಿಮ್ಮ ಅಣ್ಣನ ಹತ್ರ ಹೋಗಾಣ" ಎಂದರು. ಆಗ ನನಗೆ ಎಚ್ಚರವಾಯಿತು. ಅವರು ಕೇಳುವುದೇನೆಂದು ಗೊತ್ತು. ಬೆಂಚಿನ ತುಂಬ ಜನ ಇರುತ್ತಾರೆ. ಒಂದು ಕಾಲೂ ಮುರಿಯದೆ ತರುವ ತಂಗಿ ಇವತ್ತು ಬರಿಗೈಲಿ ನಿಂತು, ಜಜ್ಜಿಬಿಟ್ಟೆ ಎನ್ನಬೇಕು. ಅಷ್ಟೇ ಇದ್ದದ್ದು. ಅದರಿಂದ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಅವರು ಒಂದು ಮಾತು ಬೈದು, ಗೊತ್ತಿಲ್ಲದ ಹುಳ ಎಂದುಕೊಂಡು, ಮುಂದಿನ ಬಸ್ಸಿಗೇ ಶಿವಮೊಗ್ಗಕ್ಕೆ ಹತ್ತಿಸುತ್ತಿದ್ದರು. ನಾನು "ಅದು ಸತ್ತಿಲ್ಲ, ಹಿಡಿಯಾಕೆ ಚೊಂಬು ತರ್ತೀನಿ ಅತ್ತೆ" ಎಂದು ಒಳಗೆ ಹೋದೆ. ಬಚ್ಚಲ ಗೋಡೆಯ ಮೇಲೆ ಎಂದಿನಂತೆ ಒಂದು ಗೋಡೆಗೌಡ ಕೂತಿತ್ತು.

"ಹುಳ ತಂದ್ರಾ?"

"ತಂದೀನಿ ಅಣ್ಣಾರೇ."

ಅವರು ಚೊಂಬಿನೊಳಗೆ ನೋಡಿದರು. ಮುಖ ಸಡಿಲವಾಯಿತು. "ಗೋಡೆಗೌಡ. ಇದಕ್ಯಾಕೆ ಇಷ್ಟು ಗಾಬರಿ ಅಜ್ಜಿ?"

ಅತ್ತೆ ನರಳುತ್ತಲೇ ಗೊಣಗಿದರು. "ಯಾವ ಗೌಡನೋ, ಹಾಳಾದ್ದು. ಕಪ್ಪಗಿತ್ತಪ್ಪ."

"ಕಪ್ಪಗಿತ್ತಾ?" ಅವರು ತಲೆ ಎತ್ತಿ ನೋಡಿದ್ದು ಅತ್ತೆಯನ್ನಲ್ಲ, ನನ್ನನ್ನು. "ಇದೇನಾ ತಂಗಿ?"

"ಇದೇ ಅಣ್ಣಾರೇ. ಕುಳ್ಳಿನ ನೆರಳಾಗೆ ಕಪ್ಪಗೆ ಕಂಡಿರಬೇಕು."

ರೈತನ ಚೇಳನ್ನು ಒಂದೇ ನೋಟಕ್ಕೆ ಹಿಡಿದವರು ನನ್ನ ಮಾತನ್ನು ತಿರುಗಿಸಿ ನೋಡಲಿಲ್ಲ. ಬೆರಳು ತೊಳೆದು ಟಿಂಚರ್ ಹಚ್ಚಿ, ಕೆಂಪು ಔಷಧಿ ಕೊಟ್ಟು, "ಭಯ ಬ್ಯಾಡ, ನಾಳೆ ಇಳೀತೈತೆ" ಎಂದರು.

ಇಳಿಯಲಿಲ್ಲ. ಮಂಗಳವಾರ ಬೆರಳು ಬದನೆಕಾಯಿಯಂತೆ ಊದಿತು. ಬುಧವಾರ ಅವರೇ ಮನೆಗೆ ಬಂದು ನೋಡಿ, "ಗೋಡೆಗೌಡ ಹಿಂಗೆ ಮಾಡೋದಲ್ವಲ್ಲ" ಎಂದು ಮತ್ತೆ ಮತ್ತೆ ಬೆರಳು ತಿರುಗಿಸಿದರು. ನಾನು ಕಂಬ ಹಿಡಿದು ನಿಂತಿದ್ದೆ. ಆ ಹೊತ್ತಿಗಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಗುರುವಾರ ಬಂದ ಡಾಕ್ಟರು ಬೆರಳ ತುದಿ ಕಪ್ಪಾದದ್ದನ್ನು ಕಂಡು ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಎರಡು ಗೆಣ್ಣು ತೆಗೆದರು. ಮೊದಲ ದಿನವೇ ಬಂದಿದ್ದರೆ ಉಳಿಯುತ್ತಿತ್ತು ಎಂದರಂತೆ. ಜೇಡದ ವಿಷವೋ, ಗಾಯಕ್ಕೆ ಸೆಗಣಿಯ ನಂಜು ಸೇರಿತೋ, ಅವರಿಗೂ ತಿಳಿಯಲಿಲ್ಲ.

ಅತ್ತೆ ಜೀವ ಗಟ್ಟಿ. ಉಳಿದ ಬೆರಳುಗಳಲ್ಲೇ ರೊಟ್ಟಿ ಬಡಿಯುವುದನ್ನು ಕಲಿತರು. ಅವರು ಬಡಿದ ರೊಟ್ಟಿಯ ಒಂದು ಮಗ್ಗುಲು ದಪ್ಪ ಉಳಿಯುತ್ತಿತ್ತು. ನಾನು ದಿನಾ ಆ ದಪ್ಪ ಮಗ್ಗುಲನ್ನೇ ಮುರಿದು ಬಾಯಿಗಿಟ್ಟುಕೊಳ್ಳುತ್ತಿದ್ದೆ. ನನ್ನನ್ನು ಬೈಯುವಾಗ ಆ ಮೊಂಡು ಬೆರಳನ್ನೇ ಚಾಚುವರು. ಪಾಪ, ಅವರು ಬೈಯುತ್ತಿದ್ದದ್ದು ಹಾಲು ಉಕ್ಕಿದ್ದಕ್ಕೆ, ಬಟ್ಟೆ ಒಣಹಾಕದ್ದಕ್ಕೆ.

ನಮ್ಮ ಮಾವನವರು ಕಾಂಪೌಂಡರ ಮೇಲೆ ಅರ್ಜಿ ಹಾಕುತ್ತೇನೆಂದು ಪಟ್ಟು ಹಿಡಿದರು. ಮನೆಯಲ್ಲಿ ಅಕ್ಷರ ದುಂಡಗಿದ್ದದ್ದು ಎಸ್ಸೆಸ್ಸೆಲ್ಸಿ ಪಾಸಾದ ಸೊಸೆಯದು. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. 'ಸದರಿಯವರು ತಮಗೆ ತಿಳಿಯದ ವಿಷಯದಲ್ಲಿ ತಿಳಿದವರಂತೆ ವರ್ತಿಸಿ, ಹುಳುಗಳನ್ನು ನೋಡುತ್ತಾ ಕಾಲ ಕಳೆದು, ರೋಗಿಯನ್ನು ನಿರ್ಲಕ್ಷಿಸಿ...' ಒಂದು ಕಡೆ ನನ್ನ ಕೈ ನಿಂತಿತು. "ಯಾಕಮ್ಮ, ಮಸಿ ಮುಗೀತಾ?" ಎಂದರು ಮಾವ. ಇಲ್ಲವೆಂದು ತಲೆಯಾಡಿಸಿ ಬರೆದೆ. ಚಿತ್ತಿಲ್ಲದ ಹಾಗೆ ಬರೆದೆ. ಅವರ ಕೆಂಪು ಔಷಧಿ ಕುಡಿದು ಬದುಕಿದ್ದ ಎಷ್ಟೋ ಜನ ಅದಕ್ಕೆ ಹೆಬ್ಬೆಟ್ಟು ಒತ್ತಿದರು.

ವಿಚಾರಣೆಗೆ ಮೇಲಿನಿಂದ ಒಬ್ಬರು ಅಧಿಕಾರಿ ಬಂದರು. ದವಾಖಾನೆಯ ಜಗುಲಿಯಲ್ಲಿ ಕುರ್ಚಿ ಹಾಕಿದ್ದರು. ಕಾಂಪೌಂಡರು ಆ ಗೋಡೆಗೌಡನನ್ನು ಸ್ಪಿರಿಟ್ಟಿನ ಬಾಟಲಿಯಲ್ಲಿ ಹಾಕಿಟ್ಟಿದ್ದರು, ತಂದು ಮುಂದಿಟ್ಟರು. ಅಧಿಕಾರಿ ನನ್ನ ಕಡೆ ತಿರುಗಿ, "ನೀವು ತಂದಿದ್ದು ಇದೇ ಹುಳಾನೇನಮ್ಮ? ಬೇರೆ ಏನಾದ್ರೂ ಇತ್ತಾ?" ಎಂದು ಕೇಳಿದರು. ಮಾವನವರು ಪಕ್ಕದಲ್ಲೇ ಇದ್ದರು.

ನಾನು ಉತ್ತರ ಕೊಡುವ ಮೊದಲೇ ಕಾಂಪೌಂಡರು ಹೇಳಿದರು: "ಆಯಮ್ಮನ್ನ ಕೇಳಬ್ಯಾಡ್ರಿ ಸಾರ್. ಆ ತಂಗಿ ಸುಳ್ಳು ಹೇಳೋಳಲ್ಲ, ತಪ್ಪು ಹುಳ ತರೋಳೂ ಅಲ್ಲ. ತಿಳಿವಳಿಕೆ ಕಮ್ಮಿ ಆಗಿದ್ದು ನಂದು."

ಅಧಿಕಾರಿ ಬರೆದುಕೊಂಡರು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ನೋಡಿದವರು, ಅತ್ತೆಯ ಬೆರಳಿಗೆ ಅಳುತ್ತಿದ್ದಾಳೆ ಎಂದುಕೊಂಡರು.

ಅವರನ್ನು ಉಬ್ರಾಣಿ ಕಡೆಗೆ ವರ್ಗ ಮಾಡಿದರು. ಹೋಗುವ ದಿನ ನಾನು ಬಸ್ಸಿನ ಹತ್ತಿರ ಹೋಗಲಿಲ್ಲ. ಅವರ ಹೆಂಡತಿ ಮಾತ್ರ ಮನೆತನಕ ಬಂದು ಅತ್ತೆಯ ಕೈ ಹಿಡಿದುಕೊಂಡು ಒಂದು ಗಳಿಗೆ ಕೂತು ಹೋದರು. ಆ ಮೇಲೆ ಬಂದ ಕಾಂಪೌಂಡರು ಹುಳ ಕೇಳುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಗೋಡೆಗೌಡ ಕಂಡರೆ ಪೊರಕೆ ಹಿಡಿದು ಓಡುವುದು ಶುರುವಾಯಿತು.

ಅತ್ತೆ ತೀರಿಕೊಂಡದ್ದು ಅದಾಗಿ ಒಂಬತ್ತು ವರ್ಷಕ್ಕೆ. ತಿಥಿ ಮುಗಿದ ಮೇಲೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಕಾಂಪೌಂಡರು ನಿವೃತ್ತಿಯಾಗಿ ಜಗಳೂರಿನಲ್ಲಿದ್ದಾರೆಂದು ಕೇಳಿದ್ದೆ. ಸಂಬಂಧಿಕರ ಮನೆಗೆಂದು ಹೇಳಿ, ಹೊನ್ನಾಳಿಗೆ ಬಂದು, ಅಲ್ಲಿಂದ ದಾವಣಗೆರೆ, ಅಲ್ಲಿಂದ ಜಗಳೂರಿನ ಬಸ್ಸು ಹಿಡಿದೆ.

ಜಗುಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಉಗುರಿನ ನೀಲಿ ಹೋಗಿತ್ತು. ಗುರುತು ಹಿಡಿದ ಕೂಡಲೇ ಒಳಗೆ ಮುಖ ಮಾಡಿ ಕೂಗಿದರು: "ಲೇ, ತಂಗಿ ಬಂದೈತೆ. ಮಂಡಕ್ಕಿ ಒಗ್ಗರಣೆ ಹಾಕು." ಅತ್ತೆ ಹೋದದ್ದನ್ನು ಹೇಳಿದೆ. "ಆ ತಾಯಿ ಬೆರಳು ನನ್ನ ಕಣ್ಣಾಗೇ ಐತೆ" ಎಂದರು. ಅಷ್ಟು ಅಂದಮೇಲೆ ನನಗೆ ತಡೆಯಲಾಗಲಿಲ್ಲ. ಹೆಂಡತಿ ಹೊರಗೆ ಬರುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ. ಹೊಡೆದದ್ದು, ಬಚ್ಚಲಿಗೆ ಹೋದದ್ದು, ಚೊಂಬು, ನೆರಳಿನ ಮಾತು, ಅರ್ಜಿಯ ಅಕ್ಷರ ನನ್ನದೆಂಬುದು.

ಅವರ ಕೈಯಲ್ಲಿದ್ದ ಕಡಲೆಕಾಯಿ ಸುಲಿಯದೆ ಹಾಗೇ ಉಳಿಯಿತು. ಬೈದಿದ್ದರೆ ಚೆನ್ನಾಗಿತ್ತು. ಅವರು ಮುಂದೆ ಬಾಗಿ ಕೇಳಿದ್ದು ಬೇರೆ.

"ಹೊಡೆದಿದ್ದು ಹೆಂಗಿತ್ತು?"

"ಕಪ್ಪಗಿತ್ತು."

"ಬಣ್ಣ ಬಿಡು. ಮೈಮ್ಯಾಲೆ ಕೂದಲಿತ್ತಾ? ಕುಳ್ಳಿನ ಸಂದಿಯಾಗೆ ಬಲೆ ಇತ್ತಾ? ಓಡ್ತಾ, ಮುದುರಿಕೊಂಡ್ತಾ?"

"ನೋಡ್ಲಿಲ್ಲ ಅಣ್ಣಾರೇ."

"ಒಂದಾದ್ರೂ ನೆಪ್ಪಿಲ್ವಾ?"

"ಇಲ್ಲ."

ಅವರು ಹಿಂದಕ್ಕೆ ಒರಗಿದರು. ತಮ್ಮಷ್ಟಕ್ಕೆ ಎಂಬಂತೆ ಹೇಳತೊಡಗಿದರು. "ಉಬ್ರಾಣಿಯಾಗೆ ಏಳು ವರ್ಷ ಇದ್ದೆ. ಗೋಡೆಗೌಡ ಕಂಡ್ರೆ ಬಿಡಬ್ಯಾಡ್ರಿ, ಹೊಡೀರಿ ಅಂತ ಮನೆಮನೆಗೆ ಹೇಳಿದೆ. ಒಬ್ಬಾಕಿ ತುಂಬು ಬಸುರಿ. ಗೋಡೆಗೌಡ ಕಚ್ಚೈತೆ ಅಂತ ಬಂದ್ಲು. ಏನೂ ಆಗ್ತಿರಲಿಲ್ಲ. ನಾನೇ ಹೆದರಿ ಎತ್ತಿನ ಗಾಡಿಯಾಗೆ ಚನ್ನಗಿರಿಗೆ ಓಡಿಸಿದೆ. ದಾರಿಯಾಗೇ ಹೆರಿಗೆ ಆತು. ಪುಣ್ಯಕ್ಕೆ ಇಬ್ರೂ ಉಳಿದ್ರು." ಕೈಯಲ್ಲಿದ್ದ ಕಡಲೆಕಾಯಿಯನ್ನು ನೋಡುತ್ತಾ, "ನಂಗೆ ಸರಿಯಾಗೇ ಗೊತ್ತಿತ್ತು ತಂಗಿ. ಗೊತ್ತಿದ್ದದ್ದನ್ನ ಬಿಟ್ಟು ನಿನ್ನ ಮಾತು ನಂಬಿದೆ" ಎಂದರು.

ಬೆರಳು, ವರ್ಗ, ಅರ್ಜಿ, ಇಷ್ಟನ್ನೇ ಒಂಬತ್ತು ವರ್ಷ ಎದೆಯಲ್ಲಿಟ್ಟುಕೊಂಡು ತಿರುಗಿದ್ದೆ. ಇಡೀ ಬದುಕಿನಲ್ಲಿ ಒಂದೊಂದಾಗಿ ನೋಡಿ ನೋಡಿ ಅವರು ಕೂಡಿಟ್ಟ ತಿಳಿವಳಿಕೆಯನ್ನೇ ನಾನು ಕೆಡಿಸಿದ್ದೇನೆಂಬುದು ಆ ಜಗುಲಿಯ ಮೇಲೆ ಕೂರುವವರೆಗೆ ನನಗೆ ಹೊಳೆದಿರಲಿಲ್ಲ.

ಅಷ್ಟರಲ್ಲಿ ಅವರ ಹೆಂಡತಿ ಮಂಡಕ್ಕಿ ತಟ್ಟೆ ಹಿಡಿದು ಬಂದರು. ನನ್ನ ಕೆನ್ನೆ ಸವರಿ, ಸೊರಗೀಯಲ್ಲೇ ಎಂದರು. ಕಾಂಪೌಂಡರು ಅವರ ಕಡೆ ತಿರುಗಿ ಹೇಳಿದರು:

"ಬಚ್ಚಲ ಗೋಡೆ ಮ್ಯಾಲೆ ಇರ್ತಾವಲ್ಲ ದೊಡ್ಡವು, ಇನ್ಮೇಲೆ ಅವನ್ನ ಹೊಡೀಬ್ಯಾಡ."

"ಅಯ್ಯೋ ಶಿವನೇ, ಯಾಕ್ರೀ? ಕಂಡಕಂಡಲ್ಲಿ ಹೊಡಿ ಅಂತ ಹೇಳ್ದವ್ರು ನೀವೇ ಅಲ್ವಾ?"

"ಹೂಂ. ನಾನೇ ತಪ್ಪು ತಿಳ್ಕೊಂಡಿದ್ದೆ."

"ಹಂಗಾದ್ರೆ ಇಷ್ಟು ವರ್ಷ ನನ್ನ ಕೈಲಿ ಸುಮ್ಸುಮ್ನೆ ಕೊಲ್ಲಿಸಿದ್ರಿ ಅನ್ನಿ. ನೋಡಮ್ಮ ನಿಮ್ಮಣ್ಣನ ಬುದ್ಧೀನ."

ಆಕೆ ನಕ್ಕರು. ಅವರೂ ಸಣ್ಣಗೆ ನಕ್ಕು, ಕಡಲೆಕಾಯಿ ಸುಲಿದು ಬಾಯಿಗೆ ಹಾಕಿಕೊಂಡರು. ನಾನು ಮಂಡಕ್ಕಿ ತಟ್ಟೆ ಹಿಡಿದು ಕೂತಿದ್ದೆ. 'ಇಲ್ಲ ಅಕ್ಕಾ, ತಪ್ಪು ನನ್ನದು' ಎನ್ನುವುದು ನಾಲ್ಕು ಶಬ್ದದ ಮಾತು. ಅದನ್ನು ಹೇಳಲೆಂದೇ ಮೂರು ಬಸ್ಸು ಹತ್ತಿ ಇಳಿದು ಬಂದವಳು ನಾನು. ಹೇಳಲಿಲ್ಲ. ಮಂಡಕ್ಕಿ ತಿಂದೆ.

ಮುಂದಿನ ಚಳಿಗಾಲದಲ್ಲಿ ಅವರು ತೀರಿಕೊಂಡರು. ಸುದ್ದಿ ನನಗೆ ಮುಟ್ಟಿದ್ದು ಕಾರ್ಯಗಳೆಲ್ಲ ಮುಗಿದ ಮೇಲೆ. ಹೋಗಿ ಅವರ ಹೆಂಡತಿಯನ್ನು ಕಂಡೆ. ಆಕೆ ಅವರ ಗುಣಗಳನ್ನೆಲ್ಲ ಒಂದೊಂದಾಗಿ ಹೇಳಿ ಅತ್ತರು. ಕೊನೆಗೆ ಕಣ್ಣೊರೆಸಿಕೊಂಡು, "ಎಲ್ಲ ಹುಳಾನೂ ಗೊತ್ತಿತ್ತು ಕಣಮ್ಮ ಅವ್ರಿಗೆ. ಅದೊಂದರಾಗೆ ಮಾತ್ರ ತಪ್ಪಿದ್ರು" ಎಂದರು.

ನಾನು ಹೂಂ ಎಂದೆ.